ಕತ್ತಿ ಕೆಳಗಿಟ್ಟ ಶೀನಣ್ಣ

ಶೀನಣ್ಣ ಮರದ ಹಲಗೆಯನ್ನು ಕೆತ್ತುವ ಮೊದಲು ಅದಕ್ಕೆ ನೀರು ಸವರುತ್ತಿದ್ದರು. ಬೆರಳುಗಳನ್ನು ತಟ್ಟೆಯ ನೀರಿನಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ, ಮತ್ತೆ ಅಡ್ಡಕ್ಕೆ ಉಜ್ಜುತ್ತಿದ್ದರು, ಯಾರದೋ ಗಲ್ಲವನ್ನು ಹದ ಮಾಡುವ ಹಾಗೆ. ಆಮೇಲೆ ಅಂಚನ್ನು ಹೆಬ್ಬೆರಳಿನಲ್ಲಿ ಹಿಡಿದು ಸ್ವಲ್ಪ ಓರೆ ಮಾಡಿ, "ಹಾಂ, ಅಲುಗಾಡಬೇಡಿ" ಎನ್ನುತ್ತಿದ್ದರು. ಹೇಳುತ್ತಿದ್ದುದು ಹಲಗೆಗೆ. ಬಂಟ್ವಾಳ ಪೇಟೆಯ ನಮ್ಮ ಪ್ರೆಸ್ಸಿನಲ್ಲಿ ಮೊದಲ ದಿನ ಎಲ್ಲರೂ ನಕ್ಕದ್ದೇ ನಕ್ಕದ್ದು.

"ಶೀನಣ್ಣ, ಮೀಸೆ ಇಡುವುದಾ ತೆಗೆಯುವುದಾ ಅಂತ ಅದರ ಹತ್ತಿರ ಒಮ್ಮೆ ಕೇಳಿ" ಎಂದ ಮೆಷಿನು ತುಳಿಯುವ ಜೋಕಿಮ.

ಶೀನಣ್ಣ ತಲೆ ಎತ್ತಲಿಲ್ಲ. "ಇದು ನಿನ್ನ ಹಾಗಲ್ಲ ಮಾರಾಯ. ಕೂರಿಸಿದಲ್ಲಿ ಕೂರ್ತದೆ."

ನಲವತ್ತೈದು ದಾಟುವವರೆಗೂ ಅವರು ಕ್ಷೌರದ ಕೆಲಸ ಮಾಡಿದವರು. ಸಿದ್ಧಕಟ್ಟೆಯ ಪಕ್ಕದ ನಮ್ಮ ಊರಿನ ಮನೆಮನೆಗೆ ಚೀಲ ಹಿಡಿದುಕೊಂಡು ಹೋಗಿ, ಜಗಲಿಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಅದರಲ್ಲಿ ನೋಡುತ್ತ ಗಡ್ಡ ತೆಗೆಯುತ್ತಿದ್ದರು. ನಮ್ಮದು ಊರಿನ ಗುತ್ತಿನ ಮನೆ, ಊರಿನ ಒಡೆತನವಿದ್ದ ದೊಡ್ಡ ಮನೆ. ನನ್ನ ತಲೆಯ ಮೊದಲ ಕೂದಲು ತೆಗೆದದ್ದೂ ಅವರೇ. ನಮ್ಮ ಮನೆಯಲ್ಲಿ ಮುದುಕರಿಂದ ಮಕ್ಕಳವರೆಗೆ ಎಲ್ಲರೂ ಅವರನ್ನು 'ಶೀನ' ಎನ್ನುತ್ತಿದ್ದರು. ಅವರು ನನ್ನನ್ನು 'ಸಣ್ಣ ಧಣಿ' ಎನ್ನುತ್ತಿದ್ದರು. ನಾವೆಲ್ಲ ಆಡುತ್ತಿದ್ದುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಆ ಮಾತುಗಳ ಬಿಸಿ ಸ್ವಲ್ಪ ಆರಿರಬಹುದು.

ಐವತ್ತರ ದಶಕದ ನಡುವಿನ ಮಾತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಆ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ್ದೆ. ಒಂದು ದಿನ ಶೀನಣ್ಣ ಮಗಳ ಮದುವೆಯ ಕಾಗದ ಅಚ್ಚು ಹಾಕಿಸಲು ಬಂದರು. ಅಚ್ಚಿಗೆಂದು ನಮ್ಮಲ್ಲಿದ್ದ ಗಣಪತಿಯ ಮರದ ಬ್ಲಾಕು ಸವೆದು ಹೋಗಿತ್ತು. ಬ್ಲಾಕು ಕೆತ್ತುವವನು ಕೆಲಸ ಬಿಟ್ಟು ಬೊಂಬಾಯಿಗೆ ಹೋಗಿದ್ದ. ಮಾದರಿಯನ್ನು ಕೈಯಲ್ಲಿ ಹಿಡಿದು ಶೀನಣ್ಣ ಹೇಳಿದರು: "ಇದೆಂತ ಸಣ್ಣ ಧಣಿ, ಗಣಪತಿಗೆ ಸೊಂಡಿಲೇ ಇಲ್ಲವಲ್ಲ! ನೋಡಿದವರು ಯಾರೋ ಹೊಟ್ಟೆಬಾಕ ಕೂತಿದ್ದಾನೆ ಅಂತ ತಿಳಿದಾರು."

"ಹಾಗಾದರೆ ನೀನೇ ಒಂದು ಕೆತ್ತಿ ಕೊಡು" ಎಂದು ನಾನು ತಮಾಷೆಗೆ ಪೇರಳೆ ಮರದ ಒಂದು ತುಂಡು ಕೊಟ್ಟೆ.

ಮುಂದಿನ ವಾರ ಅವರು ಗಣಪತಿಯನ್ನು ಹಿಡಿದುಕೊಂಡು ಬಂದರು. ಅಚ್ಚಿನ ಬ್ಲಾಕಿನಲ್ಲಿ ಎಲ್ಲವೂ ತಿರುಗುಮುರುಗಾಗಿ ಇರಬೇಕು. ಕಲಿಯುವವರು ಹೆಣಗುವುದು ಅಲ್ಲೇ. ಶೀನಣ್ಣ ಮಾತ್ರ ಹಲಗೆಯ ಎದುರಿಗೆ ತಮ್ಮ ಹಳೆಯ ಕನ್ನಡಿ ಇಟ್ಟುಕೊಂಡು, ಹಲಗೆಯನ್ನು ನೋಡದೆ ಕನ್ನಡಿಯನ್ನೇ ನೋಡುತ್ತ ಗೆರೆ ಎಳೆದಿದ್ದರು. ಮೂವತ್ತು ವರ್ಷ ಕನ್ನಡಿಯೊಳಗಿನ ಮುಖಗಳ ಮೇಲೆ ಕೈ ಆಡಿಸಿದವರಿಗೆ ಅದು ಕಷ್ಟವೆಂದು ಹೊಳೆದೇ ಇರಲಿಲ್ಲ. ಗಣಪತಿಯ ಸೊಂಡಿಲು ಬಳುಕಿ, ತುದಿಯಲ್ಲಿ ಮೋದಕ ಹಿಡಿದು, ಈಗಷ್ಟೇ ಬಾಯಿಗೆ ಹಾಕುವಂತಿತ್ತು. ಪ್ರೆಸ್ಸಿನ ಯಜಮಾನರಾದ ಪೈಗಳು ಕನ್ನಡಕ ಏರಿಸಿ ನೋಡಿ, "ಇವರನ್ನು ಬಿಡಬೇಡ ಸಂಜೀವ" ಎಂದರು.

ಬಿಡಲಿಲ್ಲ. ನಾನೇ ಹಿಂದೆ ಬಿದ್ದೆ. ಬರುವಾಗ ಹೋಗುವಾಗ ದಾರಿಯಲ್ಲಿ ಹಿಡಿದು ನಿಲ್ಲಿಸಿ, ಈ ಕೆಲಸಕ್ಕೆ ಬಾ ಎಂದು ಹೇಳುತ್ತಿದ್ದೆ. ಅವರ ಹೆಂಡತಿ ಕಮಲಕ್ಕನಿಗೆ ಸಿಟ್ಟು. "ಬೇರೆಯವರಿಗೆ ಈ ಪ್ರಾಯದಲ್ಲಿ ಮೊಮ್ಮಕ್ಕಳ ಹುಚ್ಚು. ಇವರಿಗೆ ಚಿತ್ರದ ಹುಚ್ಚು" ಎಂದು ಅಂಗಳ ಗುಡಿಸುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು. ಶೀನಣ್ಣ ಒಮ್ಮೆ ನನ್ನೊಡನೆ ಗದ್ದೆಯ ಬದುವಿನಲ್ಲಿ ಕೂತು ಹೇಳಿದ ಮಾತು ಇದು: "ಸಣ್ಣ ಧಣಿ, ಜನರ ಕೂದಲು ಬೆಳೀತಾ ಇರ್ತದೆ, ನಾನು ತೆಗೀತಾ ಇರ್ತೇನೆ. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ಒಂದಾದರೂ ಎಲ್ಲಿ ಉಂಟು ಹೇಳಿ? ವಾರದಲ್ಲಿ ಅಳಿಸಿ ಹೋಗ್ತದೆ. ಆ ಗಣಪತಿ ನೋಡಿ, ಮಗಳಿಗೆ ಮಗು ಹುಟ್ಟಿದ ಮೇಲೂ ಹಾಗೇ ಉಂಟು."

ಆದರೆ ಊರಿನ ಕ್ಷೌರಿಕನಿಗೆ ಕೆಲಸ ಬಿಡುವುದು ಸುಲಭವಾಗಿರಲಿಲ್ಲ. ಗಡ್ಡ ತಲೆಯಷ್ಟೇ ಅವನ ಕೆಲಸವಲ್ಲ. ಯಾವ ಮನೆಯಲ್ಲಿ ಸಾವಾದರೂ ಶುದ್ಧದ ದಿನ ಅವನು ಬಂದು ಕರ್ಮ ಮಾಡುವವರ ತಲೆ ಬೋಳಿಸಬೇಕು. ಅವನ ಕತ್ತಿ ಮುಟ್ಟದೆ ಆ ಮನೆಯ ಸೂತಕ ಕಳೆಯುವುದಿಲ್ಲ. ಅದು ಅಪ್ಪನಿಂದ ಮಗನಿಗೆ ಬಂದ ಕಟ್ಟು. ಅವರು ಮನೆ ಕಟ್ಟಿಕೊಂಡಿದ್ದ ಜಾಗವೂ ನಮ್ಮ ಗುತ್ತಿನದೇ. ಹಾಗಾಗಿ ಶೀನಣ್ಣ ನಮ್ಮ ಸೋದರಮಾವನ ಅಪ್ಪಣೆ ಕೇಳಲು ಬಂದರು. ನಮ್ಮಲ್ಲಿ ಮನೆಯ ಯಜಮಾನಿಕೆ ಮಾವನದು.

"ನನ್ನ ಚಿಕ್ಕಪ್ಪನ ಮಗ ದೂಮ ಶಿರ್ತಾಡಿಯಲ್ಲಿದ್ದಾನೆ. ಇಲ್ಲಿಗೆ ಬಂದು ಎಲ್ಲ ಮನೆಯ ಕೆಲಸ ನೋಡಿಕೊಳ್ತಾನೆ ಧಣಿ. ನನ್ನ ಕತ್ತಿ ಅವನಿಗೆ ಕೊಟ್ಟಿದ್ದೇನೆ. ಇನ್ನು ನಾನು ಅದನ್ನು ಮುಟ್ಟುವುದಿಲ್ಲ."

ಮಾವ ಎಲೆ ಅಡಿಕೆ ಜಗಿಯುತ್ತ ಕೇಳಿದರು: "ಚಿತ್ರ ಬರೆದು ಉಂಡೀಯಾ ನೀನು?"

"ಉಣ್ಣುತ್ತೇನೆ ಧಣಿ."

"ಆಗಲಿ" ಎಂದು ಮಾವ ನಕ್ಕರು. ಮಾವ ಏನನ್ನೂ ಮರೆಯುವವರಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಶೀನಣ್ಣನಿಗೂ ಗೊತ್ತಿದ್ದಿರಬೇಕು.

ಪ್ರೆಸ್ಸಿನಲ್ಲಿ ಮೊದಲ ತಿಂಗಳು ಅವರು ಕುರ್ಚಿಯ ಮೇಲೆ ಕೂರಲಿಲ್ಲ. ನಿಂತೇ ಕೆತ್ತುತ್ತಿದ್ದರು, ಯಾಕೆಂದರೆ ಕೂರುವವರು ಯಾವಾಗಲೂ ಬೇರೆಯವರಾಗಿದ್ದರು. ನಾನು ಅವರನ್ನು 'ಶೀನಣ್ಣ, ನೀವು' ಎಂದು ಕರೆಯತೊಡಗಿದೆ. "ಇಲ್ಲಿ ಧಣಿ ಗಿಣಿ ಯಾರೂ ಇಲ್ಲ, ನನ್ನ ಹೆಸರು ಹೇಳಿ" ಎಂದೆ. ಅವರ ನಾಲಿಗೆ ಹೊರಳಲಿಲ್ಲ. 'ಸಣ್ಣ' ಎಂದು ಶುರುಮಾಡಿ ನುಂಗಿಬಿಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಮಸಿಯ ಡಬ್ಬ ಮಗುಚಿದಾಗ, ಅವರಿಗೇ ಗೊತ್ತಿಲ್ಲದೆ, "ಎಂತ ಮಾರಾಯ ನೀನು, ಕಣ್ಣು ಎಲ್ಲಿಟ್ಟಿದ್ದಿ!" ಎಂದು ಕೂಗಿದರು. ಕೂಗಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದರು. ನಾನು ನಕ್ಕೆ, ಅವರೂ ನಕ್ಕರು, ಜೋಕಿಮ ಮೆಷಿನು ನಿಲ್ಲಿಸಿ ನಕ್ಕ. ಆ ದಿನದಿಂದ ನಾನು 'ಮಾರಾಯ' ಆದೆ. ಅವರು ಕುರ್ಚಿಯ ಮೇಲೆ ಕೂತರು.

ಮೆಲ್ಕಾರಿನ ಹಸನಬ್ಬ ಬ್ಯಾರಿಗಳು ಆಗ ಹೊಸದಾಗಿ ಬೀಡಿಯ ವ್ಯಾಪಾರ ತೆಗೆದಿದ್ದರು. ಕಟ್ಟಿನ ಮೇಲೆ ಅಂಟಿಸುವ ಚೀಟಿಗೆ ಅವರಿಗೆ ಮುಂಗುಸಿಯೇ ಬೇಕು. ಬೆಳಿಗ್ಗೆ ಮುಂಗುಸಿ ಕಂಡ ದಿನ ಅವರಿಗೆ ವ್ಯಾಪಾರ ಒಳ್ಳೆಯದಾಗುತ್ತಿತ್ತಂತೆ. ಶೀನಣ್ಣ ಬರೆದ ಮೊದಲ ಮುಂಗುಸಿಯನ್ನು ಕಂಡು ಬ್ಯಾರಿಗಳು ದಿಗಿಲುಬಿದ್ದರು.

"ಅಲ್ಲ ಶೀನಣ್ಣ, ಇದು ನಮ್ಮ ಪಟೇಲರಲ್ಲವಾ?"

ಹೌದಾಗಿತ್ತು. ಮುಂಗುಸಿಯ ಮೀಸೆ ಊರಿನ ಪಟೇಲರ ಮೀಸೆಯೇ. ಶೀನಣ್ಣ ತಲೆ ಕೆರೆದುಕೊಂಡರು. "ಎಂತ ಮಾಡುವುದು ಬ್ಯಾರಿಗಳೇ, ಇಷ್ಟು ವರ್ಷ ಆ ಮೀಸೆಯನ್ನು ಕತ್ತರಿಸಿ ಕತ್ತರಿಸಿ ಕೈಗೆ ಅದೇ ಬರ್ತದೆ. ಇರಲಿ, ಸ್ವಲ್ಪ ಸಣ್ಣ ಮಾಡುವ."

ಎರಡನೆಯ ಮುಂಗುಸಿ ಬಾಲ ಎತ್ತಿ, ಹಿಂದಕ್ಕೆ ತಿರುಗಿ, ನೋಡುವವನನ್ನೇ ನೋಡುತ್ತಿತ್ತು. ಪಾಣೆಮಂಗಳೂರಿನಿಂದ ಬೆಳ್ತಂಗಡಿಯವರೆಗೆ ಅಂಗಡಿಗಳಲ್ಲಿ ಜನ ಹೆಸರು ಹೇಳದೆ "ಒಂದು ಕಟ್ಟು ಮುಂಗುಸಿ" ಎಂದು ಕೇಳುವಂತಾಯಿತು.

ಆಮೇಲೆ ಚಾಹುಡಿಯ ಪೊಟ್ಟಣ, ಊದುಬತ್ತಿಯ ಪೆಟ್ಟಿಗೆ, ಬಟ್ಟೆಯಂಗಡಿಯ ನೋಟೀಸು, ಎಲ್ಲ ಬರತೊಡಗಿದವು. ಒಮ್ಮೆ ಮೂಡುಬಿದಿರೆಯ ಅಂಗಡಿಯೊಂದಕ್ಕೆ ಅಚ್ಚಾದ ಮಾಲು ಕೊಡಲು ಇಬ್ಬರೂ ಬಸ್ಸಿನಲ್ಲಿ ಹೋಗಿದ್ದೆವು. ಪೇಟೆಯ ಗೋಡೆಯ ಮೇಲೆ ಅವರದೇ ನೋಟೀಸು. ಶೀನಣ್ಣ ಅದರ ಎಡಕ್ಕೆ ನಿಂತು ನೋಡಿದರು, ಬಲಕ್ಕೆ ನಿಂತು ನೋಡಿದರು, ಕಿವಿಯ ಹತ್ತಿರದ ಕೂದಲು ಎರಡೂ ಬದಿ ಸಮವಾಗಿದೆಯೇ ಎಂದು ನೋಡುವಂತೆ. ಪಕ್ಕದಲ್ಲಿ ಯಾರೋ ಅಪರಿಚಿತರು, "ನೀವು ಎಂತ ಕೆಲಸ ಮಾಡುವುದು?" ಎಂದು ಕೇಳಿದರು.

"ಚಿತ್ರದ ಕೆಲಸ" ಎಂದರು ಶೀನಣ್ಣ. ಹೇಳಿ, ನನ್ನ ಕಡೆ ತಿರುಗಿ ನೋಡಿದರು. ನಾನು ತಿದ್ದುತ್ತೇನೋ ಎಂಬ ಅಂಜಿಕೆ ಆ ನೋಟದಲ್ಲಿತ್ತು. ನಾನು ಹೌದೆಂದು ತಲೆ ಆಡಿಸಿದೆ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಪ್ರೆಸ್ಸಿಗೆ ಬಂದವರು, "ಆರ್ಟಿಸ್ಟರು ಇದ್ದಾರಾ?" ಎಂದು ಕೇಳತೊಡಗಿದ್ದರು. ಪೈಗಳು ಅವರಿಗೆ ಕಿಟಕಿಯ ಪಕ್ಕದ ಮೇಜು ಕೊಟ್ಟರು, ಅದು ನನ್ನದಾಗಿತ್ತು. "ಸಂಜೀವ, ಆರ್ಟಿಸ್ಟರಿಗೆ ಒಂದು ಚಾ ತರಿಸು" ಎಂದು ಪೈಗಳು ಸಹಜವಾಗಿಯೇ ಹೇಳುತ್ತಿದ್ದರು. ನಾನೂ ನಗುತ್ತಲೇ ತರಿಸುತ್ತಿದ್ದೆ. ಅವರನ್ನು ಕರೆತಂದವನು ನಾನು, 'ಅಣ್ಣ' ಎಂದು ಕರೆದವನು ನಾನು. ಅವರು ನನಗಿಂತ ಮೇಲೆ ಹೋಗುವುದನ್ನು ಮಾತ್ರ ನಾನು ಲೆಕ್ಕ ಹಾಕಿರಲಿಲ್ಲ. ಆಗ ಇದನ್ನು ಅಸೂಯೆ ಎಂದು ನನಗೆ ನಾನೇ ಒಪ್ಪಿಕೊಳ್ಳುತ್ತಿರಲಿಲ್ಲ. ಈಗ ಬೇರೆ ಹೆಸರು ಹುಡುಕುವ ವಯಸ್ಸಲ್ಲ.

ಆ ವರ್ಷ ನನ್ನ ತಾಯಿ ತೀರಿಕೊಂಡರು. ಸುಡುವ ದಿನ ಶೀನಣ್ಣ ಎಲ್ಲರಂತೆ ಅಂಗಳದಲ್ಲಿ ನಿಂತು ಅತ್ತರು. ಶುದ್ಧದ ದಿನ ಹತ್ತಿರ ಬಂದಾಗ ಮಾವ ನನ್ನನ್ನು ಕರೆದರು.

"ಶೀನನನ್ನು ಬರಲು ಹೇಳು."

"ದೂಮ ಇದ್ದಾನಲ್ಲ ಮಾವ."

"ಈ ಮನೆಯ ಹೆಣ್ಣು ಸತ್ತದ್ದಕ್ಕೆ ಶಿರ್ತಾಡಿಯವನಾ ಬರುವುದು? ಶೀನ ಬೇಕು. ನಾನು ಕರೆದರೆ ಅವ ನೆವ ಹೇಳಿಯಾನು. ನೀನು ಕರೆದರೆ ಬರ್ತಾನೆ."

ಮಾವನಿಗೆ ಎಲ್ಲ ಗೊತ್ತಿತ್ತು. ನಮ್ಮ ಸ್ನೇಹವನ್ನೇ ಅವರು ಹಗ್ಗ ಮಾಡಿದ್ದರು. ಅದರ ತುದಿ ನನ್ನ ಕೈಯಲ್ಲಿತ್ತು. ಆಗುವುದಿಲ್ಲ ಎನ್ನಬಹುದಿತ್ತು. ಬೈಗುಳ ಬೀಳುತ್ತಿತ್ತು, ಅಷ್ಟೇ. ನಾನು ಚಪ್ಪಲಿ ಮೆಟ್ಟಿ ಹೊರಟೆ. ದುಃಖದ ನಡುವೆಯೂ ನನ್ನೊಳಗೆ ಎಲ್ಲೋ ಒಂದು ಮೂಲೆಗೆ ಸಮಾಧಾನವಾಗಿತ್ತು. ಇದನ್ನು ನಾನು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ಶೀನಣ್ಣ ಜಗಲಿಯಲ್ಲಿ ಕೂತು ಕೆತ್ತುತ್ತಿದ್ದರು. ಹಸನಬ್ಬರ ಕ್ಯಾಲೆಂಡರಿಗಾಗಿ ಪಾಣೆಮಂಗಳೂರಿನ ಸೇತುವೆಯ ಚಿತ್ರ. ಮೂರು ಬಣ್ಣ, ಮೂರು ಹಲಗೆ. ಅಷ್ಟು ದೊಡ್ಡ ಕೆಲಸವನ್ನು ಅವರು ಹಿಡಿದದ್ದು ಅದೇ ಮೊದಲು.

"ನಾಡಿದ್ದು ಶುದ್ಧ ಶೀನಣ್ಣ. ನೀವು ಬರಬೇಕು."

"ಬರುವುದೇ ಅಲ್ಲವಾ ಮಾರಾಯ. ಕರೆಯಲಿಕ್ಕುಂಟಾ?"

"ಹಾಗಲ್ಲ. ಕತ್ತಿ ಹಿಡಿದುಕೊಂಡು ಬರಬೇಕು."

ಅವರು ಹಲಗೆಯನ್ನು ನಿಧಾನವಾಗಿ ಕೆಳಗಿಟ್ಟರು. "ನನ್ನ ಕತ್ತಿ ದೂಮನ ಹತ್ತಿರ ಉಂಟು."

"ಮಾವ ನೀವೇ ಆಗಬೇಕು ಅಂತಾರೆ."

"ಮಾವನ ಮಾತು ಆಯಿತು. ನೀನು ಎಂತ ಹೇಳ್ತಿ?"

"ಅಮ್ಮನಿಗೋಸ್ಕರ. ಒಮ್ಮೆ ಮಾತ್ರ."

ಕಮಲಕ್ಕ ಒಳಗಿನಿಂದ ಹೊಸ್ತಿಲಿಗೆ ಬಂದರು. "ಒಮ್ಮೆ ಅಂತ ಯಾವುದು ಉಂಟು ಈ ಊರಿನಲ್ಲಿ?" ಎಂದರು. ಶೀನಣ್ಣ ಅವರಿಗೆ ಕೈಸನ್ನೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಅಮ್ಮ ನಾನು ಹಸಿದು ಬಂದದ್ದನ್ನು ಮುಖ ನೋಡಿಯೇ ತಿಳಿಯುತ್ತಿದ್ದರು. ಬರ್ತೇನೆ, ಹೋಗು."

ಶುದ್ಧದ ಬೆಳಿಗ್ಗೆ ಅವರು ದೂಮನಿಂದ ಕೇಳಿ ತಂದ ತಮ್ಮದೇ ಕತ್ತಿಯಿಂದ ನನ್ನ ತಲೆ ಬೋಳಿಸಿದರು. ಊರೆಲ್ಲ ನೆರೆದಿತ್ತು. ಒಂದು ಗೀರೂ ಬೀಳಲಿಲ್ಲ. ಮುಗಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, "ಆಯಿತು ಧಣಿ" ಎಂದರು. ನಾನು ಆ ಮಾತನ್ನು ತಿದ್ದಲಿಲ್ಲ.

ದೂಮನಿಗೆ ಅವಮಾನವಾಯಿತು. ಇರುವವನನ್ನು ಬಿಟ್ಟು, ಅವನ ಕೈಯ ಕತ್ತಿಯನ್ನೇ ತೆಗೆಸಿ, ಕೆಲಸ ಬಿಟ್ಟವನನ್ನು ಕರೆದ ಊರಲ್ಲಿ ತಾನಿರುವುದಿಲ್ಲ ಎಂದು ಅವನು ಬೆಳ್ತಂಗಡಿಗೆ ಹೋಗಿ ಬಸ್‌ ಸ್ಟ್ಯಾಂಡಿನ ಹತ್ತಿರ ಸೆಲೂನು ಹಾಕಿದ. ಅದೇ ತಿಂಗಳು ಊರಿನ ಇನ್ನೊಂದು ಮನೆಯಲ್ಲಿ ಸಾವಾಯಿತು. ಆ ಮನೆಯವರು ಶೀನಣ್ಣನ ಅಂಗಳಕ್ಕೆ ಬಂದು ಕೇಳಿದರು: "ಗುತ್ತಿನ ಮನೆಗೆ ಬಂದ ಕತ್ತಿ ನಮಗೆ ಬರುವುದಿಲ್ಲವಾ? ನಮ್ಮ ಸತ್ತವರು ಸತ್ತವರಲ್ಲವಾ?" ಸಾವಾದ ಮನೆಯವರನ್ನು ಸೂತಕದಲ್ಲೇ ಬಿಡುವಷ್ಟು ಗಟ್ಟಿಯಾಗಿರಲಿಲ್ಲ ಶೀನಣ್ಣನ ಎದೆ. ಹೋದರು.

ಅದಾದ ಮರುದಿನ ಪ್ರೆಸ್ಸಿನಲ್ಲಿ ನನ್ನ ಮೇಜಿನ ಬಳಿ ಬಂದು ನಿಂತರು. ಕೂರಲಿಲ್ಲ.

"ಧಣಿ, ನಿಮ್ಮ ಮಾವನ ಹತ್ತಿರ ಒಂದು ಮಾತು ಹೇಳ್ತೀರಾ? ನಿಮ್ಮ ಮನೆಗೆ ಬಂದದ್ದು ಸ್ನೇಹಕ್ಕೆ, ಊರಿನ ಕಟ್ಟಿಗೆ ಅಲ್ಲ ಅಂತ. ಗುತ್ತಿನಿಂದ ಹಾಗೆ ಒಂದು ಮಾತು ಹೊರಟರೆ ಉಳಿದವರು ಬೇರೆ ಜನ ಹುಡುಕಿಕೊಳ್ತಾರೆ. ಇಲ್ಲದಿದ್ದರೆ ನನ್ನ ಕತೆ ಮುಗೀತು."

"ಇವತ್ತೇ ಹೇಳ್ತೇನೆ" ಎಂದೆ.

ಸಂಜೆ ಮಾವ ಜಗಲಿಯಲ್ಲಿ ಒಬ್ಬರೇ ಇದ್ದರು. ನಾನು ಕಂಬ ಹಿಡಿದು ನಿಂತೆ. "ಎಂತ, ಏನೋ ಹೇಳ್ಲಿಕ್ಕೆ ಉಂಟಾ?" ಎಂದು ಅವರೇ ಕೇಳಿದರು. "ಇಲ್ಲ" ಎಂದು ಒಳಗೆ ಹೋದೆ. ಮರುದಿನ ಶೀನಣ್ಣನಿಗೆ, ಮಾವ ಊರಲ್ಲಿರಲಿಲ್ಲ ಎಂದೆ. ಮುಂದಿನ ವಾರ, "ಹೇಳಿದ್ದೇನೆ. ನೋಡುವ ಅಂದರು" ಎಂದೆ. ಅವರು ತಲೆ ಆಡಿಸಿದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಸಾವು ಹೇಳಿ ಕೇಳಿ ಬರುವುದಿಲ್ಲ. ಇವತ್ತು ಒಂದು ಮನೆ, ನಾಳೆ ಇನ್ನೊಂದು. ಸಾವಿಗೆ ಹೋದವರು ಗಡ್ಡಕ್ಕೆ ಯಾಕೆ ಬರುವುದಿಲ್ಲ ಎಂಬ ಮಾತು ಬಂತು. ಚೀಲ ಮತ್ತೆ ಹೆಗಲೇರಿತು. ಪ್ರೆಸ್ಸಿನ ಕಿಟಕಿಯ ಮೇಜು ದಿನಗಟ್ಟಲೆ ಖಾಲಿ ಇರತೊಡಗಿತು. ಸೇತುವೆಯ ಹಲಗೆಗಳಲ್ಲಿ ಹಳದಿಯದು ಮುಗಿದಿತ್ತು, ಕೆಂಪಿನದು ಮುಗಿದಿತ್ತು. ಗೆರೆಗಳನ್ನೆಲ್ಲ ತೋರಿಸುವ ಕಪ್ಪು ಹಲಗೆಯೊಂದು ಬಾಕಿ. ಹಸನಬ್ಬ ಬ್ಯಾರಿಗಳು ಬಹಳ ಕಾದರು. ಕೊನೆಗೆ, "ನಿಮ್ಮ ಕೈ ನನಗೆ ಬೇಕು ಶೀನಣ್ಣ. ಆದರೆ ಹೊಸ ವರ್ಷ ನಮಗೋಸ್ಕರ ನಿಲ್ಲುವುದಿಲ್ಲವಲ್ಲ" ಎಂದು ಬೇಸರದಿಂದಲೇ ಮಂಗಳೂರಿಗೆ ಹೋದರು. ಪೈಗಳೂ ಅಲ್ಲಿಂದಲೇ ಸತುವಿನ ಬ್ಲಾಕು ತರಿಸತೊಡಗಿದರು. ಒಂದು ದಿನ ಶೀನಣ್ಣ ಬಂದು, ಮೇಜಿನ ಮೇಲಿದ್ದ ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಜೋಕಿಮ, "ನಾಳೆ ಬರ್ತೀರಲ್ಲ ಶೀನಣ್ಣ?" ಎಂದ. "ನೋಡುವ ಮಾರಾಯ" ಎಂದರು. ನನ್ನ ಕಡೆ ತಿರುಗಿ, "ಬರ್ತೇನೆ ಧಣಿ" ಎಂದರು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಅರುವತ್ತರ ದಶಕದ ಕೊನೆಯಲ್ಲಿ. ಆ ಹೊತ್ತಿಗೆ ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಾನು ಮೂಡುಬಿದಿರೆಯಲ್ಲಿ ಗುಮಾಸ್ತೆಯಾಗಿದ್ದೆ. ಶೀನಣ್ಣ ಹಾಸಿಗೆ ಹಿಡಿದಿದ್ದಾರೆಂದು ಜೋಕಿಮ ಹೇಳಿದಾಗ ಹೋದೆ. ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಮಲಕ್ಕ ನೀರು ಬೆಲ್ಲ ತಂದಿಟ್ಟು ಒಳಗೆ ಹೋದರು.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮರೆತು ಹೋದವು. "ಶೀನಣ್ಣ, ಆವತ್ತು ನಾನು ಮಾವನ ಹತ್ತಿರ ಹೇಳಲೇ ಇಲ್ಲ" ಎಂದಷ್ಟೇ ಅಂದೆ.

"ಗೊತ್ತುಂಟು ಧಣಿ."

"ಯಾವಾಗಿನಿಂದ?"

"ಮತ್ತೆ ಚೀಲ ಹೆಗಲಿಗೆ ಹಾಕಿದ ವಾರವೇ. ಮಾವನ ಗಡ್ಡಕ್ಕೆ ಹೋಗಿದ್ದೆನಲ್ಲ. ನಾನೇ ಮೆಲ್ಲ ಕೇಳಿದೆ, ಸಣ್ಣ ಧಣಿ ಏನಾದರೂ ಹೇಳಿದರಾ ಅಂತ. ಅವನೆಂತ ಹೇಳಿಯಾನು, ಕಂಬ ಹಿಡಿದು ನಿಂತು ಹೋದ ಅಂದರು."

"ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ ನೀವು?"

"ಕೇಳಿದರೆ ನೀವು ಇಲ್ಲ ಅನ್ನಬೇಕಾಗ್ತಿತ್ತು. ಕೇಳದಿದ್ದರೆ, ನಾಳೆ ಹೇಳಿಯಾರು ಅಂತ ಇರ್ತದಲ್ಲ."

ಅವರೇ ಮುಂದುವರಿಸಿದರು, ದೂರಿನ ಧ್ವನಿಯಲ್ಲಿ ಅಲ್ಲ. ಎಲ್ಲೋ ದೂರದಲ್ಲಿ ನಡೆದ, ಬೇರೆ ಯಾರದೋ ವಿಷಯ ಹೇಳುವ ಹಾಗೆ.

"ಮಾವ ಸತ್ತಾಗ ನಿಮ್ಮ ತಲೆಕೂದಲು ನಾನೇ ತೆಗೆದದ್ದು. ನೆನಪುಂಟಾ? ಇನ್ನು ಹೆದರಲಿಕ್ಕೆ ಯಾರೂ ಇಲ್ಲ, ಇವತ್ತು ನೀವು ಊರವರ ಎದುರು ಹೇಳ್ತೀರಿ, ಇನ್ನು ಸಾಕು ಶೀನಣ್ಣ, ಪ್ರೆಸ್ಸಿಗೆ ಹೋಗಿ ಅಂತ ಹೇಳ್ತೀರಿ ಅಂತ ನನಗೆ ಬೆಳಿಗ್ಗೆಯಿಂದ ಅನಿಸ್ತಾ ಇತ್ತು. ನಾನು ಕತ್ತಿ ಎಳೆದದ್ದೂ ಹಾಗೆಯೇ ಧಣಿ, ನಿಧಾನ. ನಿಮಗೆ ಹೇಳಲಿಕ್ಕೆ ಸಮಯ ಬೇಕಲ್ಲ ಅಂತ."

ಆ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿತ್ತು. ನಾನು ತಲೆ ಬಗ್ಗಿಸಿ ಕೂತಿದ್ದೆ. ಊರವರು ಸುತ್ತ ನಿಂತಿದ್ದರು. ನಾನು ಒಂದು ಮಾತು ಆಡಿಯೂ ಇದ್ದೆ. "ಬೇಗ ಮುಗಿಸಿ ಶೀನಣ್ಣ, ಬಿಸಿಲೇರುತ್ತಾ ಉಂಟು" ಎಂದಿದ್ದೆ.